ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು



ಕಳೆದ ಸಂಚಿಕೆಯಲ್ಲಿ ರಂಜಕ ವರ್ಷವಿಡೀ ಕೆಡದಂತೆ ಇಡುವ ಬಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹುನಗುಂದದ ಕಡೆಯ ಒಬ್ಬ ತಂಗಿಯ ಪತ್ರವೂ ಇತ್ತು. ಎರಡು ಪುಟ ಪೂರ್ತಿ ರಂಜಕದ ಮಾತೇ. ಉಪ್ಪು ಎಷ್ಟು, ಲಿಂಬೆಹುಳಿ ಎಷ್ಟು, ಭರಣಿ ಯಾವುದು ಎಂದೆಲ್ಲ ಕೇಳಿದ್ದಾಳೆ. ಕಡೆಗೆ ಕಾಗದದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಬರೆದ ನಾಲ್ಕು ಸಾಲು ಹೀಗಿವೆ: "ಅಕ್ಕಾರ, ನನ್ನ ಮಗಗ ಒಂಬತ್ತು ವರ್ಷ. ನಡಿಯಾಕ ಬರೂದಿಲ್ಲ. ಸೂಟಿ ಬಂತಂದ್ರ ಓಣಿ ಹುಡುಗ್ರು ಎಲ್ಲಾ ಆಡ್ತಾವ, ಇಂವ ಕಟ್ಟಿ ಮ್ಯಾಲೆ ಕುಂತು ಅವ್ರ ಚಪ್ಪಲಿ ಕಾಯ್ತಾನ. ಏನರ ಮಾಡಾಕ ಬರ್ತೈತೇನ್ರಿ?"

ರಂಜಕದ ಪ್ರಶ್ನೆಗೆ ಉತ್ತರ ಅಂದೇ ಬರೆದು ಅಂಚೆಗೆ ಹಾಕಿದೆ. ಈ ನಾಲ್ಕು ಸಾಲಿಗೆ ಮಾತ್ರ ಕೈ ಓಡಲಿಲ್ಲ. ಏಕೆಂದರೆ ಚಪ್ಪಲಿ ಕಾಯುವ ಕೂಸು ನನ್ನ ಮನೆಯಲ್ಲೂ ಇದೆ.

ನನ್ನ ಸಣ್ಣಾಕಿಯ ಬಗ್ಗೆ ಈ ಅಂಕಣದಲ್ಲಿ ನಾನು ಹೆಚ್ಚು ಬರೆದವಳಲ್ಲ. ಆಕೆಗೆ ಈಗ ಹನ್ನೊಂದು ವರ್ಷ. ಹುಟ್ಟಿದಾಗ ತಡವಾಗಿ ಅತ್ತಳು. ವರ್ಷ ತುಂಬಿದರೂ ಕೂಡಲಿಲ್ಲ, ಎರಡಾದರೂ ನಿಲ್ಲಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಪರೀಕ್ಷಿಸಿ 'ಸೆರೆಬ್ರಲ್ ಪಾಲ್ಸಿ' ಎಂದರು. ಮೆದುಳಿನಿಂದ ಕಾಲಿಗೆ ಹೋಗುವ ಅಪ್ಪಣೆ ಸರಿಯಾಗಿ ಮುಟ್ಟುವುದಿಲ್ಲ, ಅದರಿಂದ ಕಾಲಿನ ಸ್ನಾಯುಗಳು ಬಿಗಿಯಾಗುತ್ತವೆ ಎಂದು ತಿಳಿಸಿ ಹೇಳಿದರು. ಕೈಗಳು ಚೆನ್ನಾಗಿವೆ, ಬುದ್ಧಿ ಚುರುಕು. ಬಾಯಿಯಂತೂ ನನಗಿಂತ ಜೋರು! ಶಿಬಿರವೊಂದರಲ್ಲಿ ಕೊಟ್ಟ ಗಾಲಿಕುರ್ಚಿಯಲ್ಲಿ ಮನೆಯೆಲ್ಲ ತಿರುಗುತ್ತಾಳೆ.

ಶಾಲೆಯಲ್ಲಿ ಆಟದ ಪಿರಿಯಡ್ ಬಂದರೆ ಎಲ್ಲ ಮಕ್ಕಳೂ ಬಯಲಿಗೆ, ಈಕೆ ಮಾತ್ರ ವರ್ಗದ ಕೋಣೆಯಲ್ಲಿ ಪಾಟೀಚೀಲಗಳ ಕಾವಲಿಗೆ. ಯಾವ ಶಾಲೆ ಎಂದು ಹೇಳುವುದು ಬೇಡ. ಈ ಸಂಗತಿ ನನಗೆ ತಿಳಿದದ್ದೂ ಮೂರು ವರ್ಷ ಕಳೆದ ಮೇಲೆ! ಸಿಟ್ಟು ಬಂತು, ಹೋಗಿ ನಾಲ್ಕು ಮಾತು ಆಡಿಯೂ ಬಂದೆ. ಬಂದ ರವಿವಾರವೇ ನಮ್ಮ ನಾದಿನಿಯ ಮಕ್ಕಳು ಬಂದರು. ಅಂಗಳದಲ್ಲಿ ಕ್ರಿಕೆಟ್ ಶುರುವಾಯಿತು. ಸಣ್ಣಾಕಿ ಬಾಗಿಲಿಗೆ ಬಂದಳು. ಆಗ ನಾನೇ, ನನ್ನ ಬಾಯಿಂದಲೇ, "ನೀ ಅಂಪಾಯರ್ ಆಗವಾ" ಎಂದೆ. ಅಂಪಾಯರ್ ಅಂದರೆ ದೊಡ್ಡ ಪದವಿಯಲ್ಲವೆ ಎಂಬ ಸಮಾಧಾನ ನನಗೆ. ಆಕೆ ಕೈ ಎತ್ತಿ 'ಔಟ್' ಎಂದರೆ ಒಬ್ಬನೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿ ತಿರುಗಿಸಿಕೊಂಡು ಒಳಗೆ ಬಂದು, "ನಂಗ ಅಂಪಾಯರ್ ಬ್ಯಾಡ, ನಾನೂ ಆಡ್ತೇನಿ" ಎಂದಳು.

ಏನು ಆಡಿಸುವುದು? ಅತ್ತೆಯವರು ಒಲೆಯ ಮುಂದಿನಿಂದಲೇ, "ಹೆಣ್ಣುಹುಡುಗಿ, ಅದೂ ಕಾಲಿಗೆ ತ್ರಾಣ ಇಲ್ಲದಾಕಿ. ಬಿದ್ದು ಕೈನೂ ಮುರಕೊಂಡ್ರ ಯಾರು ನೋಡೂದು?" ಎಂದರು. ಆ ಮಾತನ್ನು ನಾನು ಬಿರುಸೆಂದು ತಿಳಿಯಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಹೆದರಿಕೆಯೂ ಅದೇ.

ನಮ್ಮ ದೊಡ್ಡಾಂವ ಧಾರವಾಡದಲ್ಲಿ ಓದುತ್ತಾನೆ. ದೀಪಾವಳಿಗೆ ಬಂದಾಗ ಫೋನಿನಲ್ಲಿ ಒಂದು ಆಟ ತೋರಿಸಿದ. ಟೆನಿಸ್ ಆಟ. ಆದರೆ ಬಲೆಯ ಆಚೆ ಈಚೆ ಆಡುವವರು ಇಬ್ಬರೂ ಗಾಲಿಕುರ್ಚಿಯಲ್ಲಿ. ಪಾಪದವರನ್ನು ಕೂಡಿಸಿ ಏನೋ ಮೆಲ್ಲಗೆ ಆಡಿಸುತ್ತಿರಬೇಕು ಎಂದುಕೊಂಡು ನೋಡತೊಡಗಿದೆ. ಏನು ಹೇಳಲಿ ತಂಗಿಯರೇ! ಒಂದು ಕೈಯಲ್ಲಿ ಬ್ಯಾಟು ಹಿಡಿದುಕೊಂಡೇ ಎರಡೂ ಕೈಯಿಂದ ಗಾಲಿ ತಳ್ಳುತ್ತಾರೆ, ಗಿರ್ರನೆ ತಿರುಗುತ್ತಾರೆ, ಚೆಂಡು ಎಲ್ಲಿ ಬೀಳುವುದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಾರೆ. ಬೆವರು ಧಾರಾಕಾರ. ಒಬ್ಬರಿಗೊಬ್ಬರು ಒಂದಿಷ್ಟೂ ದಯೆ ತೋರಿಸುವುದಿಲ್ಲ. ಸಣ್ಣಾಕಿ ಆ ಫೋನನ್ನು ಆ ರಾತ್ರಿ ಅಣ್ಣನಿಗೆ ಮರಳಿ ಕೊಡಲಿಲ್ಲ.

ಈ ಆಟದ ನಿಯಮ ಬಹಳ ಸರಳ. ಅದನ್ನು ನೀವೂ ತಿಳಿದಿರಬೇಕು, ಏಕೆಂದರೆ ನನ್ನ ಇಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಸಾಮಾನ್ಯ ಟೆನಿಸ್‌ನಲ್ಲಿ ಚೆಂಡು ನೆಲಕ್ಕೆ ಒಂದೇ ಸಲ ಪುಟಿಯಬಹುದು, ಎರಡನೆಯ ಸಲ ಪುಟಿಯುವುದರೊಳಗೆ ಹೊಡೆಯಬೇಕು. ನಮ್ಮ ಹುಡುಗರ ಭಾಷೆಯಲ್ಲಿ ಒಂದು ಟಪ್ಪಾ. ಗಾಲಿಕುರ್ಚಿಯಲ್ಲಿ ಆಡುವವರಿಗೆ ಎರಡು ಟಪ್ಪಾ ಬಿಡುತ್ತಾರೆ. ಮೊದಲನೆಯದು ಗೆರೆಯ ಒಳಗೇ ಬೀಳಬೇಕು, ಎರಡನೆಯದು ಹೊರಗೆ ಬಿದ್ದರೂ ನಡೆಯುತ್ತದೆ. ಅಂಗಳ ಅದೇ, ಬಲೆಯ ಎತ್ತರ ಅದೇ, ಚೆಂಡು ಅದೇ, ಎಣಿಕೆ ಅದೇ. ಕುರ್ಚಿಯನ್ನು ಮೈಯ ಭಾಗವೆಂದೇ ಲೆಕ್ಕ ಹಿಡಿಯುತ್ತಾರೆ, ಚೆಂಡು ಕುರ್ಚಿಗೆ ತಗಲಿದರೆ ಅಂಕ ಹೋಯಿತು. ಇದೊಂದು ರಿಯಾಯಿತಿ ಬಿಟ್ಟರೆ ಮತ್ತೇನೂ ಇಲ್ಲ.

ಈ ನಿಯಮ ದೊಡ್ಡ ಸಭೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದ ಬ್ರಾಡ್ ಪಾರ್ಕ್ಸ್ ಎಂಬ ಹುಡುಗ 1976ರಲ್ಲಿ ಹಿಮದ ಮೇಲೆ ಜಾರುವ ಆಟದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಆಗ ಅವನಿಗೆ 18 ವರ್ಷ. ಕುರ್ಚಿಯಲ್ಲಿ ಕುಳಿತೇ ಟೆನಿಸ್ ಆಡಿ ನೋಡಿದ. ಒಂದು ಟಪ್ಪಾಕ್ಕೆ ಮುಟ್ಟಲಾಗದ್ದು ಎರಡಕ್ಕೆ ಮುಟ್ಟುತ್ತದೆ ಎಂದು ಕಂಡಿತು. ಗೆಳೆಯರ ಸಂಗಡ ಊರೂರು ತಿರುಗಿ ಕಲಿಸಿದ. ಹನ್ನೆರಡು ವರ್ಷಕ್ಕೆ, 1988ರಲ್ಲಿ, ಸಿಯೋಲ್ ನಗರದ ಪ್ಯಾರಾಲಿಂಪಿಕ್ಸ್‌ನಲ್ಲಿ ಅದನ್ನು ಪ್ರದರ್ಶನದ ಆಟವಾಗಿ ಆಡಿಸಿದರು. 1992ರಲ್ಲಿ ಬಾರ್ಸಿಲೋನಾದಲ್ಲಿ ಪದಕವೂ ಬಂತು.

"ಅಮೆರಿಕಾದ ಮಾತು ನಮಗ್ಯಾಕ?" ಎಂದು ನಮ್ಮ ಮನೆಯವರು ಕೇಳಿದರು. ಹಾಗಾದರೆ ಬೆಂಗಳೂರಿನ ಮಾತೇ ಕೇಳಿ. ಬೋನಿಫೇಸ್ ಪ್ರಭು ಎಂಬವರು 1972ರಲ್ಲಿ ಹುಟ್ಟಿದವರು. ನಾಲ್ಕು ವರ್ಷದ ಕೂಸಿದ್ದಾಗ ಬೆನ್ನಿನಿಂದ ನೀರು ತೆಗೆಯುವ ಚಿಕಿತ್ಸೆಯಲ್ಲಿ ಎಡವಟ್ಟಾಗಿ ಕಾಲುಗಳ ಶಕ್ತಿ ಹೋಯಿತು, ಕೈಗಳ ಬಲವೂ ಕುಂದಿತು. ಅಂಥವರು ಗುಂಡು ಎಸೆದರು, ಭಲ್ಲೆ ಎಸೆದರು, ಆಮೇಲೆ ಟೆನಿಸ್ ಹಿಡಿದರು. ನಮ್ಮ ದೇಶದಲ್ಲಿ ಗಾಲಿಕುರ್ಚಿ ಟೆನಿಸ್ ಎಂದರೆ ಮೊದಲು ಬರುವ ಹೆಸರು ಅವರದು. 2014ರಲ್ಲಿ ಪದ್ಮಶ್ರೀ ಬಂತು. ತಮ್ಮಂಥ ಮಕ್ಕಳಿಗೆ ಕಲಿಸಲು ಅಕಾಡೆಮಿಯನ್ನೂ ಕಟ್ಟಿದರು. ಕೈಗಳಲ್ಲೂ ಬಲ ಕಡಿಮೆಯಿರುವ ಆಟಗಾರರಿಗೆ 'ಕ್ವಾಡ್' ಎಂಬ ಬೇರೆ ವಿಭಾಗವೇ ಇದೆ. ಬೆರಳು ಬಿಗಿಹಿಡಿಯಲಾರದಿದ್ದರೆ ಬ್ಯಾಟನ್ನು ಕೈಗೆ ಪಟ್ಟಿಯಿಂದ ಸುತ್ತಿ ಕಟ್ಟಿಕೊಂಡು ಆಡುತ್ತಾರೆ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳಗಳಿವೆ. ಅಲ್ಲಿ ಆಸ್ತಾ ಎಂಬ ಸಂಸ್ಥೆ ಗಾಲಿಕುರ್ಚಿ ಟೆನಿಸ್ ಪಂದ್ಯಾವಳಿಗಳನ್ನು ನಡೆಸಿದೆ. ಒಂದಕ್ಕೆ ತಬೆಬುಯಾ ಓಪನ್ ಎಂದು ಹೆಸರು. ತಬೆಬುಯಾ ಅಂದರೆ ಆ ಊರಿನಲ್ಲಿ ಎಲೆ ಉದುರಿಸಿ ಮರತುಂಬ ಗುಲಾಬಿ ಹೂ ಬಿಡುವ ಗಿಡ. ನಿಮ್ಮಲ್ಲಿ ಬೆಂಗಳೂರು ಕಂಡವರಿಗೆ ನೆನಪಿರಬೇಕು. ಶೇಖರ್ ವೀರಸ್ವಾಮಿ ಅಲ್ಲಿ ಆಡಿ ದೇಶಕ್ಕೆ ಚಾಂಪಿಯನ್ ಆದವರು. ಹೆಂಗಸರಲ್ಲಿ ಪ್ರತಿಮಾ ರಾವ್, ಕೆ.ಪಿ. ಶಿಲ್ಪಾ ಇದ್ದಾರೆ. ಈ ಎರಡು ಹೆಸರನ್ನು ನಮ್ಮ ಸಣ್ಣಾಕಿ ನೋಟುಬುಕ್ಕಿನ ಹಿಂದಿನ ರಟ್ಟಿನ ಮೇಲೆ ಬರೆದಿಟ್ಟಿದ್ದಾಳೆ.

ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಪದಕಗಳಲ್ಲ. ಆ ನಿಯಮಗಳಲ್ಲೇ ಇನ್ನೊಂದು ಮಾತಿದೆ. ಕುರ್ಚಿಯಲ್ಲಿ ಆಡುವವರೂ ನಿಂತು ಆಡುವವರೂ ಒಟ್ಟಿಗೆ ಆಡಬಹುದು. ಎದುರಾಳಿಯಾಗಿಯೂ ಆಡಬಹುದು, ಜೋಡಿಯಾಗಿಯೂ ಆಡಬಹುದು. ಆಗ ಕುರ್ಚಿಯವರಿಗೆ ಎರಡು ಟಪ್ಪಾ, ನಿಂತವರಿಗೆ ಒಂದು. ಇದು ಯಾರೋ ಕನಿಕರಪಟ್ಟು ಬಿಟ್ಟುಕೊಟ್ಟದ್ದಲ್ಲ, ನಿಯಮದ ಪುಸ್ತಕದಲ್ಲೇ ಬರೆದದ್ದು. ನಮ್ಮಲ್ಲಿ ಒಂದು ಮಾತಿದೆಯಲ್ಲ, 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು. ಸಣ್ಣ ಕೂಸು ಹಟ ಹಿಡಿದರೆ ಆಟದೊಳಗೆ ಬಿಟ್ಟುಕೊಳ್ಳುತ್ತೇವೆ, ಅದು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಕೂಸಿಗೆ ಅದು ಗೊತ್ತಾಗುವುದಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಗೊತ್ತಾಗುತ್ತದೆ. ಎರಡು ಟಪ್ಪಾ ಬಿಟ್ಟು ಮೂರನೆಯದಕ್ಕೆ 'ಔಟ್' ಎನ್ನುವ ಆಟದಲ್ಲಿ ಆಕೆ ಲೆಕ್ಕಕ್ಕೂ ಇದ್ದಾಳೆ.

ಯೋಚಿಸಿ ನೋಡಿದರೆ ನಮ್ಮ ಓಣಿಯ ಹುಡುಗರೂ ನಿಯಮ ಬದಲಿಸುವುದರಲ್ಲಿ ಕಡಿಮೆಯವರಲ್ಲ. ಗೋಡೆ ಹತ್ತಿರವಿದ್ದರೆ 'ಒಂದು ಟಪ್ಪಾ ಒಂದು ಕೈ ಔಟ್', ಚೆಂಡು ಪಕ್ಕದ ಮಾಳಿಗೆಗೆ ಹೋದರೆ ಔಟ್, ಗಟಾರಕ್ಕೆ ಬಿದ್ದರೆ ಎರಡೇ ರನ್. ಗೋಡೆಗಾಗಿ, ಗಟಾರಕ್ಕಾಗಿ ನಿಯಮ ಮಾಡಿಕೊಳ್ಳುವವರು ಒಂದು ಹುಡುಗಿಗಾಗಿ ಮಾಡಲಾರರೆ? ಯಾರೂ ಕೇಳಿರಲಿಲ್ಲ, ಅಷ್ಟೇ. ನಾನೂ ಕೇಳಿರಲಿಲ್ಲ.

ಇನ್ನು ಕೆರೂರಿನ ಮಾತು. ಹುಬ್ಬಳ್ಳಿ-ಸೊಲ್ಲಾಪುರ ದೊಡ್ಡ ರಸ್ತೆಯ ಮೇಲಿನ ಊರು ನಮ್ಮದು. ಲಾರಿ, ಬಸ್ಸು, ಸಂತೆ ಎಲ್ಲ ಇದೆ. ಟೆನಿಸ್ ಚೆಂಡು ಕೂಡ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಅದರಿಂದ ಆಡುವುದು ಕ್ರಿಕೆಟ್! ಟೆನಿಸ್ ಎಂದರೆ ದೊಡ್ಡವರ ಕ್ಲಬ್ಬಿನ ಆಟವೆಂದೇ ನಮ್ಮ ತಿಳಿವಳಿಕೆ. ಹಾಗೇನೂ ಇಲ್ಲ. ಧಾರವಾಡದಲ್ಲೂ ಕಲಬುರಗಿಯಲ್ಲೂ 2023ರಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿಗಳೇ ನಡೆದವು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಪಂದ್ಯಾವಳಿಯ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ನನ್ನ ವಯಸ್ಸು! ನಾನು ಆ ವಯಸ್ಸಿಗೆ ಮಾಳಿಗೆ ಏರಿದರೆ ಮೊಣಕಾಲು ಹಿಡಿದುಕೊಳ್ಳುತ್ತೇನೆ.

ಪೂರ್ಣ ಪ್ರಮಾಣದ ಟೆನಿಸ್ ಅಂಗಳ 78 ಅಡಿ ಉದ್ದ. ಒಬ್ಬರಿಗೊಬ್ಬರು ಆಡುವಾಗ 27 ಅಡಿ ಅಗಲ. ಅಷ್ಟು ಸಪಾಟಾದ ಜಾಗ ನಮಗೆಲ್ಲಿ ಸಿಗಬೇಕು? ಆದರೆ ಚಿಕ್ಕ ಮಕ್ಕಳಿಗೆ ಅಷ್ಟು ಬೇಕಾಗಿಯೂ ಇಲ್ಲ. ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯವರು 2007ರಿಂದ ಹೊಸದಾಗಿ ಕಲಿಯುವವರಿಗೆ ಮೆತ್ತನೆಯ ಚೆಂಡುಗಳ ಪದ್ಧತಿಯನ್ನು ಹಬ್ಬಿಸಿದ್ದಾರೆ. ಕೆಂಪು ಚೆಂಡು ಎಲ್ಲಕ್ಕಿಂತ ನಿಧಾನ, ಸಾಮಾನ್ಯ ಚೆಂಡಿಗಿಂತ ಮುಕ್ಕಾಲು ಪಾಲು ಕಡಿಮೆ ವೇಗ. ಆಮೇಲೆ ಕಿತ್ತಳೆ, ಆಮೇಲೆ ಹಸಿರು. ಕೆಂಪು ಚೆಂಡಿನ ಅಂಗಳ 36 ಅಡಿ ಉದ್ದ, 18-20 ಅಡಿ ಅಗಲವಿದ್ದರೆ ಸಾಕು, ಬಲೆ ಎರಡೂವರೆ ಅಡಿಗಿಂತ ತುಸು ಎತ್ತರ. ಈ ಅಳತೆ ಓದಿದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ನಮ್ಮ ಹಿಂದಿನ ಓಣಿಯ ಗೋದಾಮಿನ ಮುಂದೆ ಕಾಳು ಒಣಹಾಕುವ ಸಿಮೆಂಟಿನ ಅಂಗಳ.

ಗೋದಾಮಿನ ಕಾಕಾ ಮೊದಲು, "ಹುಡುಗ್ರು ಕಾಳು ತುಳೀತಾವವಾ" ಎಂದರು. ಕಾಳಿಲ್ಲದ ದಿನ, ಬಿಸಿಲು ಇಳಿದ ಮೇಲೆ ಒಂದೂವರೆ ತಾಸು, ಆಟ ಮುಗಿದ ಮೇಲೆ ಕಸ ನಾನೇ ಹೊಡೆಸಿಕೊಡುತ್ತೇನೆ ಎಂದು ಒಪ್ಪಿಸಿದೆ. ಅಳೆದು ನೋಡಿದರೆ 40 ಅಡಿ ಉದ್ದ, 22 ಅಡಿ ಅಗಲ. ಸುಣ್ಣದಿಂದ ಗೆರೆ ಎಳೆದೆವು. ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಅದರ ಮೇಲೆ ನನ್ನದೊಂದು ಹಳೆಯ ಇಳಕಲ್ ಸೀರೆ ಹಾಕಿದೆವು, ಅದೇ ಬಲೆ. ಕೆಂಪು ಚೆಂಡು ಇಲ್ಲಿ ಸಿಗಲಿಲ್ಲ. ಹಳೆಯ ಟೆನಿಸ್ ಚೆಂಡಿಗೆ ದಬ್ಬಣದಿಂದ ತೂತು ಮಾಡಿದರೆ ಗಾಳಿ ಹೋಗಿ ಪುಟಿತ ಕುಗ್ಗುತ್ತದೆ, ಸದ್ಯಕ್ಕೆ ಅದೇ ನಡೆಯಿತು. ಬಡಿಗೇರ ಮಾಮಾ ಪ್ಲಾಯ್‌ವುಡ್‌ನಲ್ಲಿ ನಾಲ್ಕು ಹಗುರ ಬ್ಯಾಟು ಕತ್ತರಿಸಿಕೊಟ್ಟರು. ಈಚೆಗೆ ದೊಡ್ಡಾಂವ ಧಾರವಾಡದಿಂದ ಮಕ್ಕಳ ಅಳತೆಯ ಎರಡು ನಿಜವಾದ ಬ್ಯಾಟು ತಂದಿದ್ದಾನೆ. ಅವಕ್ಕಾಗಿ ನಡೆಯುವ ಜಗಳ ಬೇರೆಯೇ ಕಥೆ.

ಮೊದಲ ವಾರ ಬಂದವರು ಮೂವರು. ಈಗ ಒಂಬತ್ತು ಮಂದಿ ಆಗಿದ್ದಾರೆ. ಅವರಲ್ಲಿ ಒಬ್ಬ ಹುಡುಗನಿಗೆ ಕಿವಿ ಕೇಳುವುದಿಲ್ಲ. ಆಟಕ್ಕೆ ಕಿವಿ ಏಕೆ ಬೇಕೆಂದು ನಾನು ತಿಳಿದಿದ್ದೆ. ಬ್ಯಾಟಿಗೆ ಚೆಂಡು ಬಡಿದ ಸದ್ದಿನಿಂದಲೇ ಆಡುವವರಿಗೆ ಅದರ ಬಿರುಸು ತಿಳಿಯುತ್ತದಂತೆ. ಈ ಹುಡುಗ ಆ ಕೆಲಸವನ್ನೂ ಕಣ್ಣಿನಿಂದಲೇ ಮಾಡಬೇಕು. ಹಾಗಾಗಿ ಎಣಿಕೆ ಹೇಳುವವರು ಬಾಯಿಂದ ಹೇಳಿ ಬೆರಳಿನಿಂದಲೂ ತೋರಿಸುವ ರೂಢಿ ಮಾಡಿದೆವು. ನಮ್ಮ ನೆರೆಯ ಕರ್ನೂಲಿನ ಹುಡುಗಿ ಜಾಫ್ರೀನ್ ಶೇಖ್ ಕಿವಿ ಕೇಳದವರ ಒಲಿಂಪಿಕ್ಸ್‌ನಲ್ಲಿ, 2022ರಲ್ಲಿ ಬ್ರೆಜಿಲ್ ದೇಶದಲ್ಲಿ, ಪೃಥ್ವಿ ಶೇಖರ್ ಸಂಗಡ ಜೋಡಿಯಾಗಿ ಟೆನಿಸ್‌ನಲ್ಲಿ ಕಂಚು ಗೆದ್ದಳು, ಅರ್ಜುನ ಪ್ರಶಸ್ತಿಯೂ ಬಂತು. ಈ ಮಾತನ್ನು ಆ ಹುಡುಗನ ತಾಯಿಗೆ ಹೇಳಿದಾಗ ಆಕೆ, "ನಮ್ಮ ಸನೇದಾಕಿನಾ?" ಎಂದು ಎರಡು ಸಲ ಕೇಳಿದಳು.

ಕಣ್ಣು ಕಾಣದವರೂ ಟೆನಿಸ್ ಆಡುತ್ತಾರೆ ಎಂದರೆ ನಂಬುತ್ತೀರಾ? ಜಪಾನಿನ ಮಿಯೋಶಿ ತಾಕೇಯಿ ಎಂಬ ಕಣ್ಣಿಲ್ಲದ ಹುಡುಗ 1984ರಲ್ಲಿ ಅದನ್ನು ಹುಟ್ಟುಹಾಕಿದ. ಸ್ಪಂಜಿನ ಚೆಂಡು, ಒಳಗೆ ಗಿಲಿಗಿಲಿ ಸದ್ದು. ಪೂರ್ತಿ ಕಾಣದವರಿಗೆ ಮೂರು ಟಪ್ಪಾ. ಗೆರೆಯ ಕೆಳಗೆ ದಾರ ಅಂಟಿಸಿರುತ್ತಾರೆ, ಕಾಲಿನಿಂದ ಮುಟ್ಟಿ ಎಲ್ಲಿ ನಿಂತಿದ್ದೇನೆಂದು ತಿಳಿದುಕೊಳ್ಳುತ್ತಾರೆ. ನೋಡುವವರು ಮಾತ್ರ ಉಸಿರು ಬಿಗಿಹಿಡಿದು ಸುಮ್ಮನಿರಬೇಕು. ನಮ್ಮ ಓಣಿಯ ಹೆಂಗಸರಿಗೆ ಅದೊಂದು ಸಾಧ್ಯವಾಗುವ ಮಾತಲ್ಲ.

ಇಷ್ಟೆಲ್ಲ ಸುಲಭವಾಗಿ ನಡೆಯಿತೆಂದು ತಿಳಿಯಬೇಡಿ. ಎರಡನೆಯ ವಾರವೇ ಸಣ್ಣಾಕಿ ಹಿಂದಕ್ಕೆ ವಾಲಿ ಚೆಂಡು ಹೊಡೆಯಲು ಹೋಗಿ ಕುರ್ಚಿಯ ಸಮೇತ ಅಂಗಾತ ಬಿದ್ದಳು. ತಲೆಗೆ ಪೆಟ್ಟಾಯಿತು. ಅತ್ತೆಯವರು ನನಗೆ ಅಂದದ್ದನ್ನು ಇಲ್ಲಿ ಬರೆಯಲಾರೆ. ಡಾಕ್ಟರಿಗೆ ತೋರಿಸಿದೆ, ಏನೂ ಆಗಿರಲಿಲ್ಲ. ಹತ್ತು ದಿನ ಆಟ ಬಂದ್ ಮಾಡಿದೆ. ಸತ್ಯ ಹೇಳಬೇಕೆಂದರೆ ಇನ್ನು ಸಾಕು ಎಂದೇ ನಿಶ್ಚಯಿಸಿದ್ದೆ. ಹನ್ನೊಂದನೆಯ ದಿನ ಆಕೆ ತನ್ನ ನಡುವಿಗೆ ನನ್ನ ಹಳೆಯ ಸೀರೆಯ ಅಂಚು ಕಟ್ಟಿ ಕುರ್ಚಿಗೆ ಬಿಗಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. ಮಾತಾಡಲಿಲ್ಲ. ನಾನೇ ಗೋದಾಮಿನ ತನಕ ತಳ್ಳಿಕೊಂಡು ಹೋದೆ.

ಬಿದ್ದು ಕಲಿತದ್ದನ್ನು ಹೇಳುತ್ತೇನೆ, ಹುನಗುಂದದ ತಂಗಿ, ನೀನು ಬೀಳದೆಯೇ ಕಲಿ. ಆಟದ ಕುರ್ಚಿಗಳು ಬೇರೆ ಇರುತ್ತವೆ. ಹಗುರ, ಗಾಲಿಗಳು ಕೆಳಗೆ ಅಗಲವಾಗಿ ಓರೆಯಾಗಿರುತ್ತವೆ, ಹಿಂದೆ ಬೀಳದಂತೆ ಹಿಂಬದಿಗೆ ಸಣ್ಣದೊಂದು ಗಾಲಿ. ಹೊರದೇಶದ್ದಾದರೆ ಲಕ್ಷಗಳ ಲೆಕ್ಕ, ಅದು ನಮ್ಮ ಮಾತಲ್ಲ. ಮನೆಯ ಕುರ್ಚಿಯಲ್ಲೇ ಆಡಿಸುವುದಾದರೆ ನಡುವಿಗೂ ಪಾದಗಳಿಗೂ ಅಗಲವಾದ ಬಟ್ಟೆಯ ಪಟ್ಟಿ ಬೇಕೇ ಬೇಕು. ನಮ್ಮ ಬೆಲ್ಡಿಂಗ್ ಅಂಗಡಿಯವನು ಹಿಂಬದಿಗೆ ಎರಡು ಕಬ್ಬಿಣದ ಸಲಾಕೆ ಜೋಡಿಸಿ ತುದಿಗೆ ಸಣ್ಣ ಗಾಲಿ ಹಾಕಿಕೊಟ್ಟ, ಆಮೇಲೆ ಬಿದ್ದಿಲ್ಲ. ಮಣ್ಣು, ಉಸುಕಿನ ನೆಲ ಬೇಡ, ಮುಂದಿನ ಸಣ್ಣ ಗಾಲಿ ಹೂತು ಮಗು ಮುಂದಕ್ಕೆ ಮುಗ್ಗರಿಸುತ್ತದೆ. ಅಂಗೈಗೆ ಬೊಬ್ಬೆ ಬರುತ್ತವೆ, ಬೆರಳು ಬಿಟ್ಟ ಕೈಚೀಲ ಹೊಲಿದು ಹಾಕು. ಮೊದಲ ವಾರ ಬ್ಯಾಟೇ ಬೇಡ, ಚೆಂಡು ಉರುಳಿಸಿ ಅದರ ಬೆನ್ನುಹತ್ತಿ ಕುರ್ಚಿ ತಿರುಗಿಸುವುದನ್ನು ಕಲಿಯಲಿ. ಕಾಲು ಬಿಗಿಯುವ ಮಕ್ಕಳಿಗೆ ಆಟದ ಮೊದಲೂ ಆಮೇಲೂ ಮೆಲ್ಲಗೆ ಕಾಲು ಚಾಚಿಸಬೇಕು. ಹೇಗೆಂದು ಫಿಜಿಯೋಥೆರಪಿಯವರಿಂದ ತಿಳಿದುಕೊಂಡೇ ಮಾಡು, ನನ್ನ ಮಾತಿನ ಮೇಲಲ್ಲ. ಕಾಲಿನಲ್ಲಿ ಸ್ಪರ್ಶಜ್ಞಾನವೇ ಇಲ್ಲದ ಮಗುವಾದರೆ ರಾತ್ರಿ ಮಲಗಿಸುವಾಗ ಕೂಡುವ ಜಾಗದ ಚರ್ಮ ಕೆಂಪಾಗಿದೆಯೋ ಎಂದು ತಪ್ಪದೆ ನೋಡು, ನೋವು ಆಗದ್ದರಿಂದ ಮಗು ತಾನಾಗಿ ಹೇಳುವುದಿಲ್ಲ.

ಇನ್ನೊಂದು ಮಾತು, ಸರಕಾರದ್ದು. ಅಂಗವಿಕಲತೆಯ ಗುರುತಿನ ಚೀಟಿ, ಯುಡಿಐಡಿ ಕಾರ್ಡು, ಮಾಡಿಸದಿದ್ದರೆ ಲಗೂನ ಮಾಡಿಸು. ಹಳ್ಳಿಯಾದರೆ ಗ್ರಾಮ ಪಂಚಾಯತಿಯಲ್ಲಿ, ಪಟ್ಟಣವಾದರೆ ಪಟ್ಟಣ ಪಂಚಾಯತಿ ಅಥವಾ ಪುರಸಭೆಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಬೇಕು. ಕೇಂದ್ರ ಸರಕಾರದ ಅಡಿಪ್ ಯೋಜನೆಯಲ್ಲಿ ಗಾಲಿಕುರ್ಚಿ ಸಿಗುತ್ತದೆ, ಆದರೆ ನ್ಯೂನತೆ ಶೇಕಡಾ 40 ಮತ್ತು ಮೇಲಿರಬೇಕು, ಆದಾಯದ ಮಿತಿಯೂ ಇದೆ. ಶಾಲೆಯ ಆಟದ ಪಿರಿಯಡ್ಡಿನಲ್ಲಿ ಮಗುವನ್ನು ಕೋಣೆಯಲ್ಲಿ ಕೂಡಿಸಿದರೆ ಜಗಳವಾಡುವ ಅಗತ್ಯವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 30ನೆಯ ಕಲಮು ಆಟೋಟದ ಬಗೆಗೇ ಇದೆ. ಆ ನಂಬರು ಹೇಳಿದರೆ ಸಾಕು, ಕೇಳುವವರ ಕುರ್ಚಿ ತುಸು ಮುಂದೆ ಸರಿಯುತ್ತದೆ. ನಾನು ಜಗಳವಾಡಿದಾಗ ಆಗದ್ದು ಈ ನಂಬರಿನಿಂದ ಆಯಿತು. ಈಗ ಆಟದ ಪಿರಿಯಡ್ಡಿನಲ್ಲಿ ಆಕೆಯನ್ನೂ ಹೊರಗೆ ಕರೆದೊಯ್ಯುತ್ತಾರೆ. ಏನು ಆಡಿಸಬೇಕೆಂದು ಅವರಿಗಿನ್ನೂ ಗೊತ್ತಾಗಿಲ್ಲ, ಅದು ಬೇರೆ.

ಆಡಿ ಬಂದ ಮಕ್ಕಳ ಹೊಟ್ಟೆಯ ವಿಷಯ ಬರೆಯದಿದ್ದರೆ ಈ ಪುಟಕ್ಕೆ ಕಳೆ ಬಂದೀತೆ? ಸರದಿಯ ಮೇಲೆ ಒಬ್ಬೊಬ್ಬ ತಾಯಿ ಏನಾದರೂ ಕಳಿಸುತ್ತಾರೆ. ಹೆಸರುಕಾಳಿನ ಉಸಳಿ, ಚುರಮುರಿ, ಇಲ್ಲವೆ ಶೇಂಗಾ ಉಂಡಿ. ಉಂಡಿಗೆ ಎರಡು ಬಟ್ಟಲು ಶೇಂಗಾ ಹದವಾಗಿ ಹುರಿದು ಸಿಪ್ಪೆ ತೆಗೆಯಿರಿ. ಒಂದು ಬಟ್ಟಲು ಪುಡಿಬೆಲ್ಲ, ಎರಡು ಚಮಚ ಹುರಿದ ಎಳ್ಳು, ಏಲಕ್ಕಿ ಸೇರಿಸಿ ಒರಳಲ್ಲಿ ಕುಟ್ಟಿ. ಮಿಕ್ಸರ್‌ನಲ್ಲಾದರೆ ತಡೆತಡೆದು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಬಿಸಿ ಇರುವಾಗಲೇ ಉಂಡಿ ಕಟ್ಟಬೇಕು. ತುಪ್ಪ ಬೇಕಿಲ್ಲ.

ಒಂದು ಬೇಸರದ ಮಾತೂ ಇದೆ. ನಮ್ಮ ಆಚೆಯ ಓಣಿಯಲ್ಲಿ ಬುದ್ಧಿ ಬೆಳವಣಿಗೆ ನಿಧಾನವಾದ ಒಬ್ಬ ಹುಡುಗಿ ಇದ್ದಾಳೆ. ಅಂಥ ಮಕ್ಕಳಿಗಾಗಿ 1968ರಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್‌ನಲ್ಲೂ ಟೆನಿಸ್ ಇದೆ. ಎರಡು ಸಲ ಅವರ ಮನೆಗೆ ಹೋಗಿ ಕರೆದೆ. ತಾಯಿ ಚಹಾ ಕೊಟ್ಟಳು, ಕುಂಕುಮ ಕೊಟ್ಟಳು, ಮಗಳನ್ನು ಮಾತ್ರ ಹೊರಗೆ ಕರೆಯಲಿಲ್ಲ. "ಮಂದಿ ನಗತಾರ್ರೀ" ಎಂದಳು. ಮೂರನೆಯ ಸಲ ಹೋಗಬೇಕೆಂದಿದ್ದೇನೆ. ಈ ಸಲ ನಾನೊಬ್ಬಳೇ ಹೋಗುವುದಿಲ್ಲ, ಕಿವಿ ಕೇಳದ ಹುಡುಗನ ತಾಯಿಯನ್ನೂ ಕರೆದುಕೊಂಡು ಹೋಗುತ್ತೇನೆ.

ಹೋದ ಶನಿವಾರದ ಮಾತು ಹೇಳಿ ಮುಗಿಸುತ್ತೇನೆ. ಸಣ್ಣಾಕಿ ಮತ್ತು ಕಿವಿ ಕೇಳದ ಹುಡುಗ ಒಂದು ಜೋಡಿ, ನಾದಿನಿಯ ಇಬ್ಬರು ಮಕ್ಕಳು ಇನ್ನೊಂದು ಜೋಡಿ. ಎಣಿಕೆ ಸರಿಸಮ ಬಂದು ನಿಂತಿತ್ತು. ನಾನು ಉಸಳಿಯ ಡಬ್ಬಿ ಹಿಡಿದು ಆಗಷ್ಟೇ ಬಂದಿದ್ದೆ. ಆಚೆಯಿಂದ ಬಂದ ಚೆಂಡು ಈಕೆಯ ಎಡಕ್ಕೆ ಬಿತ್ತು, ಈಕೆ ಗಾಲಿ ತಿರುಗಿಸಿ ಹೋಗಿ ಹೊಡೆದಳು. ಹೊಡೆತವೇನೋ ಭರ್ಜರಿಯಾಗಿಯೇ ಬಿತ್ತು. ಆಚೆಯವರು, "ಮೂರ್ ಟಪ್ಪಾ ಆತು!" ಎಂದು ಕೂಗಿದರು. ಈಕೆ, "ಎರಡ!" ಎಂದಳು. ಜಗಳ ಹತ್ತಿತು. ಕಡೆಗೆ ಎಲ್ಲರೂ ನನ್ನ ಕಡೆ ತಿರುಗಿದರು. "ಅತ್ತಿ, ನೀವ ಹೇಳ್ರಿ. ನೀವು ನೋಡೀರಿ."

ನೋಡಿದ್ದೆ. ಮೂರು ಟಪ್ಪಾ ಬಿದ್ದಿತ್ತು. ಮೂರನೆಯದು ನೆಲಕ್ಕೆ ಅಂಟಿಕೊಂಡಂತೆ ಸಣ್ಣಗೆ ಬಿದ್ದಿತ್ತು, ಎರಡೇ ಎಂದಿದ್ದರೂ ಯಾರೂ ಅಲ್ಲವೆನ್ನುತ್ತಿರಲಿಲ್ಲ. ಸಣ್ಣಾಕಿ ನನ್ನ ಮೋರೆಯನ್ನೇ ನೋಡುತ್ತಿದ್ದಳು.

"ಮೂರು" ಎಂದೆ.

ಆ ಆಟ ಅವರು ಸೋತರು. ಆಕೆ ಬ್ಯಾಟನ್ನು ತೊಡೆಯ ಮೇಲೆ ಕುಕ್ಕಿ, ಉಸಳಿಯನ್ನೂ ಮುಟ್ಟದೆ, ಮನೆಯವರೆಗೆ ತಾನೇ ಗಾಲಿ ತಳ್ಳಿಕೊಂಡು ಬಂದಳು. ರಾತ್ರಿ ರೊಟ್ಟಿಗೆ ಕೂಡುವ ತನಕ ನನ್ನ ಸಂಗಡ ಒಂದು ಮಾತೂ ಇಲ್ಲ. ಅತ್ತೆಯವರು, "ಹಡದ ಮಗಳು, ಒಂದು ಸುಳ್ಳು ಹೇಳಿದ್ರ ಏನಾಕ್ಕಿತ್ತು?" ಎಂದರು. ಅದಕ್ಕೆ ಸಣ್ಣಾಕಿಯೇ ತಟ್ಟೆಯಿಂದ ತಲೆ ಎತ್ತಿ, "ಮೂರ ಬಿದ್ದಿತ್ತು ಬಿಡು ಆಯಿ. ನಾಳೆ ನಾ ಇನ್ನೂ ಲಗೂ ತಿರುಗಸ್ತೇನಿ" ಎಂದು, ಇನ್ನೊಂದು ರೊಟ್ಟಿ ಕೇಳಿದಳು.